ಕತ್ತಲೊಳಗಿನ ರವೆ

ಪುರ್ತಗೇರಿಯಂಥ ಊರಿನ ಬಯಲಾಟದ ಫೋಟೊ ಕೈಗೆ ಬಂದರೆ ರಾಜನ ಕಿರೀಟಕ್ಕೆ ಕಣ್ಣು ಹೋಗುವುದು ಸಹಜ. ಒಂದು ಗಳಿಗೆ ಅವನ ಬೆನ್ನ ಹಿಂದಿನ ಕತ್ತಲನ್ನೂ ನೋಡಿ. ಅಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಕಾಣುತ್ತದಲ್ಲ, ಚಿತ್ರದ ಅರ್ಧ ಕಥೆ ಅಲ್ಲೇ ಇದೆ.

ಕ್ಯಾಮೆರಾದ ಐಎಸ್‌ಒ ಅಂಕಿ ಏರಿಸಿದರೆ ಅದು ಹೆಚ್ಚು ಬೆಳಕು ಹಿಡಿಯುತ್ತದೆಂದು ಬಹಳ ಜನ ನಂಬಿದ್ದಾರೆ. ನಾನೂ ವರ್ಷಗಟ್ಟಲೆ ನಂಬಿದ್ದೆ. ಒಳಗೆ ಬರುವ ಬೆಳಕನ್ನು ಅಳೆದು ಬಿಡುವುದು ಲೆನ್ಸಿನ ಕಂಡಿ ಮತ್ತು ಶಟರ್. ಸೆನ್ಸರ್ ಹಿಡಿದದ್ದನ್ನು ಆಮೇಲೆ ಹಿಗ್ಗಿಸುವುದು ಐಎಸ್‌ಒ. ಹಾಡುವವರು ಮೈಕಿನಿಂದ ದೂರ ಸರಿದಾಗ ಆಂಪ್ಲಿಫೈಯರಿನ ಕಿವಿ ತಿರುವಿದ ಹಾಗೆ: ಹಾಡಿನ ಜತೆಗೆ ಗಾಳಿಯ ಗೊರಗೊರವೂ ಜೋರಾಗುತ್ತದೆ.

ಚಿತ್ರದಲ್ಲಿ ಆ ಗೊರಗೊರವೇ ರವೆ. ಅದು ಎಲ್ಲಿಂದ ಬಂತು? ಬಹುಪಾಲು ಬೆಳಕಿನಿಂದಲೇ. ಬೆಳಕು ಮಳೆಹನಿಯಂತೆ ಬಿಡಿಬಿಡಿಯಾಗಿ ಬೀಳುತ್ತದೆ. ಸೆನ್ಸರಿನ ಒಂದು ಚುಕ್ಕೆಗೆ ಸರಾಸರಿ 10,000 ಕಣ ಬಿದ್ದರೆ ಏರಿಳಿತ ಸುಮಾರು 100, ಅಂದರೆ ಶೇ. 1. ಬರೀ 100 ಕಣ ಬಿದ್ದರೆ ಏರಿಳಿತ 10, ಶೇ. 10. ರವೆ ಹುಟ್ಟುವುದು ಬೆಳಕಿನ ಬಡತನದಲ್ಲಿ. ಐಎಸ್‌ಒ ಅದನ್ನು ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡುತ್ತದೆ.

ಐಎಸ್‌ಒ ಅಂಕಿಗಳು ಫಿಲ್ಮ್ ಕಾಲದವು. ಅಮೆರಿಕದ ಎಎಸ್‌ಎ, ಜರ್ಮನಿಯ ಡಿಐಎನ್ ಅಳತೆಗಳು 1974ರಲ್ಲಿ ಐಎಸ್‌ಒ ಹೆಸರಿನಡಿ ಕೂಡಿದವು. ಅಂಕಿ ಇಮ್ಮಡಿಯಾದರೆ ಅರ್ಧ ಬೆಳಕು ಸಾಕು.

ಈಗ ಬಯಲಾಟಕ್ಕೆ ಮರಳೋಣ. ಐಎಸ್‌ಒ 100ರಲ್ಲಿ ಶಟರ್ 1/8 ಸೆಕೆಂಡು ತೆರೆದಿರಬೇಕಾದ ದೃಶ್ಯಕ್ಕೆ 3200ರಲ್ಲಿ 1/250 ಸೆಕೆಂಡು ಸಾಲುತ್ತದೆ. 1/8ರಲ್ಲಿ ಕುಣಿಯುವವನ ಕಾಲು ಹೊಗೆಯಾಗುತ್ತದೆ. 1/250ರಲ್ಲಿ ಎತ್ತಿದ ಹೆಜ್ಜೆ ಗಾಳಿಯಲ್ಲೇ ನಿಲ್ಲುತ್ತದೆ. ರವೆ ಕಂಡಾಗಲೆಲ್ಲ ಕೇಳಿಕೊಳ್ಳಿ, ಅದನ್ನು ತೆತ್ತು ಛಾಯಾಗ್ರಾಹಕ ಏನು ಕೊಂಡ? ಆ ಹೆಜ್ಜೆ ಸಿಕ್ಕಿದ್ದರೆ ರವೆಯ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಪುರ್ತಗೇರಿಗೆ ಹತ್ತಿರದ ಸೂಡಿಯಲ್ಲಿ, ಚಾಲುಕ್ಯರ ಕಾಲದ ನಾಗಕುಂಡವೆಂಬ ಮೆಟ್ಟಿಲುಬಾವಿಯ ಮುಸ್ಸಂಜೆಯ ಚಿತ್ರದಲ್ಲಿ ಅದೇ ರವೆ ಕಂಡರೆ ನನಗೆ ಸಹಿಸಲಾಗದು. ಮೆಟ್ಟಿಲುಗಳು ಎಲ್ಲಿಗೂ ಓಡುವುದಿಲ್ಲ. ಟ್ರೈಪಾಡ್ ಊರಿ, 100ರಲ್ಲೇ ನಾಲ್ಕಾರು ಸೆಕೆಂಡು ಶಟರ್ ತೆರೆದಿಟ್ಟರೆ ಕಲ್ಲಿನ ಉಳಿಪೆಟ್ಟೂ ನುಣುಪೂ ಬೇರೆಬೇರೆಯಾಗಿ ಬರುತ್ತವೆ.

ಇನ್ನೊಂದು ಮಾತು. ಮೊಬೈಲುಗಳು ರವೆಯನ್ನು ಒರೆಸಿಬಿಡುತ್ತವೆ. ಒರೆಸುವಾಗ ಮುಖ ಮೇಣದಂತಾಗಿ, ಬೆವರಿಗೆ ಬಿರಿದ ಬಣ್ಣವೂ ಅಳಿಸಿಹೋಗುತ್ತದೆ. ವೇಷಧಾರಿಯ ಕೆನ್ನೆಯನ್ನು ದೊಡ್ಡದು ಮಾಡಿ ನೋಡಿ: ಆ ಬಿರುಕುಗಳು ಇನ್ನೂ ಇವೆಯೇ?