ಸೋಫಾ ಮಗುಚಿ ನೋಡಿ

ಬೆಂಗಳೂರಿನ ಸಿದ್ದಾಪುರದ ನಮ್ಮ ಬೀದಿಯಲ್ಲಿ ಕಳೆದ ದೀಪಾವಳಿಗೆ ಎದುರುಮನೆಗೆ ಒಂದು ‘ಟ್ರೆಡಿಷನಲ್’ ಸೋಫಾ ಸೆಟ್ ಬಂತು. ಮೆಟ್ಟಿಲ ತಿರುವಿನಲ್ಲಿ ಹಿಡಿಸದೆ ಕೊನೆಗೆ ಹಗ್ಗ ಕಟ್ಟಿ ಬಾಲ್ಕನಿಗೆ ಎಳೆದುಕೊಂಡರು. ಒರಗುವ ಕಡೆ ಜೋಡಿ ನವಿಲು, ಕೈಗೆ ಆನೆಯ ಸೊಂಡಿಲು, ಕಾಲಿಗೆ ಸಿಂಹದ ಪಂಜ. ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಮನೆಯಾಕೆ ಹಳೆಯ ಟೂತ್‌ಬ್ರಷ್ಷಿನಲ್ಲಿ ನವಿಲುಗರಿಯೊಳಗಿನ ಧೂಳು ಕೆದಕುತ್ತಿದ್ದರು. “ನಮ್ಮ ಸಂಪ್ರದಾಯ ಅಲ್ವಾ, ಸ್ವಲ್ಪ ಕಷ್ಟಪಡಬೇಕು” ಅಂದರು.

ಆಕೆಯ ಕಷ್ಟದ ಬಗ್ಗೆ ನನಗೆ ಅನುಮಾನವಿಲ್ಲ, ಸಂಪ್ರದಾಯದ ಬಗ್ಗೆ ಇದೆ. ನಮ್ಮ ನಡುಮನೆಗಳಲ್ಲಿ ಕೂರಲು ಇದ್ದದ್ದು ಜಗಲಿ, ಚಾಪೆ, ಮಣೆ, ಉಳ್ಳವರಲ್ಲಿ ತೂಗುಮಂಚ. ತೋಳಿನ ಕುರ್ಚಿ, ಸೋಫಾಗಳು ಮನೆಮನೆಗೆ ಹಬ್ಬಿದ್ದು ಬ್ರಿಟಿಷರ ಕಾಲದ ಕಚೇರಿ, ಬಂಗಲೆಗಳನ್ನು ನೋಡಿ. ಸೋಫಾಗೆ ಸಿಂಹಪಂಜದ ಕಾಲು ಬಂದದ್ದೂ ಅದೇ ದಾರಿಯಲ್ಲಿ. ಇಂಥ ಪೀಠೋಪಕರಣದ ದೊಡ್ಡ ಪೇಟೆಗಳು ಸಹಾರನ್‌ಪುರ, ಜೋಧಪುರ. ಅಲ್ಲಿನ ಕೆಲಸಗಾರರ ಕೈಗೆ ಕೈಮುಗಿಯೋಣ. ಆದರೆ ಅದನ್ನು ‘ಅಜ್ಜಿ ಮನೆಯ ಸೊಬಗು’ ಎಂದು ಜಯನಗರದವರಿಗೆ ಮಾರಿದರೆ ಯಾರ ಅಜ್ಜಿ ಎಂದು ಕೇಳಲೇಬೇಕು.

ಕೆತ್ತನೆ ನಮ್ಮಲ್ಲಿರಲಿಲ್ಲವೇ? ಇತ್ತು, ಧಾರಾಳವಾಗಿ. ಅದು ಎಲ್ಲಿತ್ತು ಎಂಬುದನ್ನು ನೋಡಬೇಕು. ಬಾಗಿಲವಾಡದ ಮೇಲೆ, ಕಂಬದ ಬೋದಿಗೆಯಲ್ಲಿ, ದೇವರ ಮಂಟಪದಲ್ಲಿ, ತೇರಿನಲ್ಲಿ. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೆತ್ತಿದ್ದು ಪೆಟ್ಟಿಗೆ, ವಿಗ್ರಹಗಳನ್ನು. ಕೈಯಲ್ಲಿ ಹಿಡಿದು ನೋಡುವ ವಸ್ತುಗಳವು, ಬೆನ್ನು ಕೊಟ್ಟು ಒರಗುವಂಥವಲ್ಲ. ತೂಗುಮಂಚದ ಹಲಗೆಯನ್ನು ನೆನಪಿಸಿಕೊಳ್ಳಿ: ಚಿತ್ತಾರವೆಲ್ಲ ಹಿತ್ತಾಳೆಯ ಸರಪಳಿಗೆ, ಹಲಗೆ ಮಾತ್ರ ನುಣ್ಣಗೆ. ಇನ್ನು ಮೈಸೂರಿನ ಬೀಟೆಮರದ ಇನ್‌ಲೇ. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲು ನೋಡಿದವರಿಗೆ ಗೊತ್ತು, ಅಷ್ಟೆಲ್ಲ ಹೂಬಳ್ಳಿ ಇದ್ದರೂ ಮೇಲ್ಮೈ ಸಮತಟ್ಟು. ದಂತದ ಬಳಕೆ ನಿಂತ ಮೇಲೆ ಬೇರೆ ಬೇರೆ ಬಣ್ಣದ ಮರದ ಚೂರುಗಳು ಬಂದವು, ಮೇಲ್ಮೈ ಸಮತಟ್ಟಾಗಿಯೇ ಉಳಿಯಿತು. ಒಂದು ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು. ಈ ಕುಸುರಿಗೆ ಟೂತ್‌ಬ್ರಷ್ ಬೇಕಿರಲಿಲ್ಲ.

ಲಾಲ್‌ಬಾಗ್ ಪಕ್ಕದ ನಮ್ಮ ನರ್ಸರಿಗಳಲ್ಲಿ ಐವತ್ತು ರೂಪಾಯಿಯ ಗಿಡ ಕೊಳ್ಳುವವರೂ ಎಲೆ ತಿರುವಿ ಹುಳು ಹುಡುಕುತ್ತಾರೆ, ಬುಡ ಅಲ್ಲಾಡಿಸುತ್ತಾರೆ. ಸೋಫಾ ಕೊಳ್ಳುವಾಗ ಮಾತ್ರ ಮುಂದಿನ ಮುಖ ನೋಡಿ ದುಡ್ಡು ಎಣಿಸುತ್ತಾರೆ. ಎದುರುಮನೆಯ ಒಂಟಿ ಕುರ್ಚಿಯನ್ನು ಆಕೆಯ ಅಪ್ಪಣೆ ಪಡೆದು ಬೋರಲು ಹಾಕಿದೆ. ತಳದಲ್ಲಿ ಪಿನ್ನು ಹೊಡೆದ ಕರಿಬಟ್ಟೆ, ಅದರಾಚೆ ಪ್ಲೈವುಡ್. ಕಾಲು ನಿಂತಿದ್ದು ನಾಲ್ಕು ಸ್ಕ್ರೂಗಳ ಮೇಲೆ. ಕಂದು ಬಣ್ಣ ಇಳಿಯದ ಕಡೆ ಮರ ಬೆಳ್ಳಗಿತ್ತು: ಚೇಗಲ್ಲ, ಹೊರಪದರ. ಆ ಬಿಳಿಯಲ್ಲಿ ಗುಂಡುಸೂಜಿ ತಲೆಯಷ್ಟು ಎರಡು ತೂತು, ನೆಲದ ಮೇಲೆ ಚಿಟಿಕೆ ಹಿಟ್ಟು. ಕುಟ್ಟೆ ಹಿಡಿದಿತ್ತು. ನವಿಲಿನ ಕಣ್ಣನ್ನೂ ನೋಡಿದೆ, ಒಳಮೂಲೆಗಳೆಲ್ಲ ದುಂಡಗೆ. ಉಳಿಯಾದರೆ ಮೂಲೆ ಚೂಪಾಗಿ ಬರುತ್ತದೆ, ತಿರುಗುವ ಯಂತ್ರದ ಮೊನೆಗೆ ಅದು ಆಗದು. ಇದನ್ನು ಆಕೆಗೆ ಹೇಳಲಿಲ್ಲ.

ಆರೈಕೆಯ ವಿಚಾರದಲ್ಲೂ ಇಂಥದೇ ನಂಬಿಕೆಗಳು. ವರ್ಷಕ್ಕೊಮ್ಮೆ ಪಾಲಿಶ್, ತಿಂಗಳಿಗೊಮ್ಮೆ ತೆಂಗಿನೆಣ್ಣೆಗೆ ನಿಂಬೆರಸ. ತೆಂಗಿನೆಣ್ಣೆ ಒಣಗುವ ಜಾತಿಯದಲ್ಲ. ಅಂಟಂಟಾಗಿ ಉಳಿದು ಧೂಳನ್ನು ಕರೆಯುತ್ತದೆ. ಗಾಳಿಗೆ ಗಟ್ಟಿಯಾಗುವುದು ಅಗಸೆ ಎಣ್ಣೆ. ಅದೂ ಮೆಲಮೈನ್ ಪಾಲಿಶ್ ಹೊಡೆದ ಮರದೊಳಗೆ ಇಳಿಯದು, ಪದರದ ಮೇಲೆಯೇ ಉಳಿಯುತ್ತದೆ. ಮೆಲಮೈನ್ ಹೊಳೆಯುತ್ತದೆ ನಿಜ, ಆದರೆ ಒಂದು ಕಡೆ ಎದ್ದರೆ ಅಲ್ಲಷ್ಟೇ ತೇಪೆ ಹಾಕುವುದು ಕಷ್ಟ, ಇಡೀ ಮುಖ ಉಜ್ಜಬೇಕು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಬಳಿಯುವ ಹಳೆಯ ಪಾಲಿಶ್ ಬಿಸಿ ಕಾಫಿ ಲೋಟಕ್ಕೇ ಬೆಳ್ಳಗಾಗುತ್ತದೆ ಎಂದು ಮೂಗು ಮುರಿಯುತ್ತಾರೆ. ಮುರಿಯಲಿ. ಕಲೆಯಾದ ಜಾಗಕ್ಕೆ ಮತ್ತೆ ಸ್ಪಿರಿಟ್ ತಗುಲಿದರೆ ಹಳೆಯ ಅರಗೇ ಕರಗಿ ಹೊಸದರ ಜೊತೆ ಬೆರೆಯುತ್ತದೆ. ಗೆದ್ದಲಿಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ಅದು ನೆಲದಿಂದ, ಗೋಡೆಯಿಂದ ಬರುತ್ತದೆ. ಮಲೆನಾಡಿನ ಮನೆಗಳಲ್ಲಿ ಮರದ ಕಂಬದಡಿ ಕಲ್ಲಿನ ಪೀಠವಿಟ್ಟದ್ದು ಅಂದಕ್ಕಷ್ಟೇ ಅಲ್ಲ. ಸೋಫಾವನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿಟ್ಟು ಹಿಂದೆ ಗುಡಿಸುತ್ತಿರುವುದು ಯಾವ ಡಬ್ಬಿಯ ಪಾಲಿಶ್‌ಗಿಂತಲೂ ಮೇಲು.

ಬೀಟೆಯೇ ಬೇಕು ಎನ್ನುವವರಿಗೆ ಒಂದು ಮಾತು. 2017ರಿಂದ ಆ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿವೆ. ಕಾಡಿನಲ್ಲಿ ಉಳಿದದ್ದು ಕಮ್ಮಿ. ಹಲಸು, ಹೊನ್ನೆ, ಬೇವು ಕೂರಲು ಏನೂ ಕಡಿಮೆಯಲ್ಲ.

ನನ್ನ ಮಾವನವರ ಬೆತ್ತದ ಆರಾಮಕುರ್ಚಿ ಈಚೆಗೆ ಕೂತರೆ ಕಿರುಗುಟ್ಟುತ್ತಿತ್ತು. ಮಾರ್ಚ್‌ನಲ್ಲಿ ಒಣಗಿ ಆಗಸ್ಟಿನಲ್ಲಿ ತೇವ ಹೀರಿ ಊದುವ ಮರಕ್ಕೆ ಅದು ಸಹಜ. ಮರಗೆಲಸದ ಆಚಾರ್ರು ಬಂದರು. ಕುರ್ಚಿಯಲ್ಲಿ ಒಂದೂ ಸ್ಕ್ರೂ ಇಲ್ಲ: ತುದಿಯನ್ನು ನಾಲಗೆಯಂತೆ ಕೆತ್ತಿ ಗುಳಿಗೆ ಕೂರಿಸಿ, ಅಡ್ಡಕ್ಕೆ ಬಿದಿರಿನ ಮೊಳೆ ಬಡಿದದ್ದು. ಅವರು ಮೊಳೆಯನ್ನು ಹಿಂದಿನಿಂದ ತಟ್ಟಿ ತೆಗೆದರು, ಕಾಲು ಬಿಚ್ಚಿ ಜಮಖಾನೆಯ ಮೇಲಿಟ್ಟರು, ಸವೆದ ನಾಲಗೆಗೆ ಸಿಗರೇಟು ಪ್ಯಾಕಿನ ರಟ್ಟಿನಷ್ಟು ತೆಳುವಾದ ಮರದ ಹಾಳೆ ಅಂಟಿಸಿ ಮತ್ತೆ ಬಡಿದರು. ಒಟ್ಟು ಎರಡು ಗಂಟೆಯ ಕೆಲಸ. “ಇದು ಬಿಚ್ಚೋಕೆ ಅಂತ್ಲೇ ಮಾಡಿರೋದು ಸ್ವಾಮಿ” ಅಂದರು. ಎದುರುಮನೆಯಾಕೆ ಬಾಲ್ಕನಿಯಿಂದ ನೋಡುತ್ತಿದ್ದವರು ಕೆಳಗಿಳಿದು ಬಂದು, ತಮ್ಮ ಸೋಫಾದ ಕಾಲೂ ಅಲ್ಲಾಡುತ್ತಿದೆ, ನೋಡುತ್ತೀರಾ ಎಂದು ಕೇಳಿದರು. ಆಚಾರ್ರು ಮೇಲೆ ಹೋಗಿ ನೋಡಿ ಬಂದು ನನ್ನೆದುರು ತಲೆಯಾಡಿಸಿದರು. ಸ್ಕ್ರೂ ಹಿಡಿಯುವಷ್ಟು ಮರ ಅಲ್ಲಿ ಉಳಿದಿರಲಿಲ್ಲವಂತೆ.

ಹೊರಡುವ ಮುನ್ನ ಕುರ್ಚಿಗೆ ಅಗಸೆ ಎಣ್ಣೆ ಒರೆಸಿದರು. ಆ ಬಟ್ಟೆಯನ್ನು ನಾನು ಮುದ್ದೆ ಮಾಡಿ ಕಸದ ಡಬ್ಬಿಗೆ ಹಾಕಲು ಹೋದರೆ ಕಿತ್ತುಕೊಂಡರು. ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿ ಕಾದು ಬೆಂಕಿ ಹತ್ತುತ್ತದಂತೆ. ಕಾಂಪೌಂಡಿನ ತಂತಿಯ ಮೇಲೆ ಬಿಡಿಸಿ ಹರವಿ ಹೋದರು. ಇನ್ನೂ ಅಲ್ಲೇ ಇದೆ, ಅಪ್ಪಳದ ಹಾಗೆ ಗಟ್ಟಿಯಾಗಿ.