ಹೊಸ ಪ್ರಭೇದ: ಒಂದು ನಮೂನೆ ಸಾಕೆ?

ಗೇರಿನ ಚಿಗುರನ್ನು ಒಣಗಿಸುವ ಟೀ ಸೊಳ್ಳೆಯನ್ನು ನೀವು ಬಲ್ಲಿರಿ. ಹೆಸರು ಸೊಳ್ಳೆಯಾದರೂ ಇದು ಮಿರಿಡೇ ಕುಟುಂಬದ, ರಸ ಹೀರುವ ಸಸ್ಯತಿಗಣೆ, ಕುಲ ಹೆಲೋಪೆಲ್ಟಿಸ್. ಈ ಕುಲದ ಪ್ರಭೇದಗಳ ಹಳೆಯ ವರ್ಣನೆಗಳು ಬಹುಮಟ್ಟಿಗೆ ಬಣ್ಣವನ್ನೇ ನಂಬಿದ್ದವು. ಆದರೆ ಒಂದೇ ಪ್ರಭೇದದೊಳಗೂ ಬಣ್ಣ ಬದಲಾಗುತ್ತದೆ. ಗೊಂದಲ ನಿವಾರಿಸಲು 1991ರಲ್ಲಿ ಕೀಟತಜ್ಞ ಸ್ಟೋನ್‌ಡಾಲ್ ಏಷ್ಯದ ಪ್ರಭೇದಗಳನ್ನು ಮರುಪರಿಶೀಲಿಸಬೇಕಾಯಿತು.

2000ದಿಂದ ಜಾರಿಯಲ್ಲಿರುವ ಪ್ರಾಣಿ ನಾಮಕರಣ ಸಂಹಿತೆಯ ಪ್ರಕಾರ ಹೊಸ ಪ್ರಭೇದಕ್ಕೆ ಮೂಲನಮೂನೆಯನ್ನು ಗೊತ್ತುಪಡಿಸಲೇಬೇಕು. ಆದರೆ ಆತಿಥೇಯ ಸಸ್ಯವನ್ನಾಗಲಿ, ಬಣ್ಣದ ವ್ಯತ್ಯಾಸಗಳನ್ನಾಗಲಿ ದಾಖಲಿಸುವುದು ಕಡ್ಡಾಯವಲ್ಲ. ಇದು ಕೊರತೆಯೇ ಸರಿ. ಹೆಸರು ತಪ್ಪಿದರೆ ಕೀಟದ ಆಹಾರ, ಶತ್ರುಗಳು, ಹತೋಟಿ ಕುರಿತ ಮಾಹಿತಿಯೆಲ್ಲ ಇನ್ನೊಂದರ ಖಾತೆಗೆ ಸೇರುತ್ತದೆ, ನಷ್ಟ ರೈತನಿಗೆ.

ಹೊಸ ಪ್ರಭೇದದ ವರ್ಣನೆ ಓದುವಾಗ ನೀವೂ ಕೇಳಿ: ಎಷ್ಟು ನಮೂನೆಗಳು? ಯಾವ ಗಿಡ? ಗಂಡು, ಹೆಣ್ಣು, ಮರಿ ಎಲ್ಲವನ್ನೂ ನೋಡಿದ್ದಾರೆಯೇ?