ಕಾಣದ ದಿನವನ್ನೂ ಬರೆಯಿರಿ

ಈ ವಾರ ಹುಬ್ಬೆ ಮಳೆ ಹೂಡುತ್ತದೆ. ನ್ಯಾಮತಿ ಸೀಮೆಯ ಮೆಕ್ಕೆಜೋಳ ಸೂಲಂಗಿ ಬಿಟ್ಟಿದೆ, ಹೊನ್ನಾಳಿಯಲ್ಲಿ ತುಂಗಭದ್ರೆ ಇನ್ನೂ ಕೆಂಪಾಗಿದ್ದಾಳೆ. ವಲಸೆ ಹಕ್ಕಿ ಎಂದರೆ ಡಿಸೆಂಬರ್ ಚಳಿ, ಕೆರೆ ತುಂಬ ಬಾತು ಎಂದುಕೊಂಡವರು ಬೈನಾಕ್ಯುಲರ್ ಹೊರತೆಗೆಯಲು ಇನ್ನೂ ಮೂರು ತಿಂಗಳು ಕಾಯುತ್ತಾರೆ. ಅಷ್ಟರಲ್ಲಿ ಹಂಗಾಮಿನ ಮೊದಲ ಅತಿಥಿಗಳು ಬಂದು ಹಳಬರಾಗಿರುತ್ತಾರೆ. ಬೂದು ಸಿಪಿಲೆ ಹಿಮಾಲಯ ಮತ್ತು ಅದರಾಚೆಯ ನಾಡುಗಳಿಂದ ದಕ್ಷಿಣಕ್ಕೆ ಇಳಿಯುವುದು ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲೇ.

ಇದನ್ನು ಗುರುತಿಸುವಾಗ ಅವಸರ ಬೇಡ. ನಮ್ಮ ಹೊಳೆಬಂಡೆಗಳ ಮೇಲೆ ವರ್ಷವಿಡೀ ಬಾಲ ಕುಣಿಸುವ ಬಿಳಿಹುಬ್ಬಿನ ಸಿಪಿಲೆ ಇಲ್ಲಿಯದೇ ಹಕ್ಕಿ. ಅದರ ಮೈಕಟ್ಟು ದೊಡ್ಡದು, ತಲೆ ಬೆನ್ನು ಕಪ್ಪು, ಹುಬ್ಬು ಅಚ್ಚಬಿಳಿ. ಬಂದವಳು ತೆಳು ಮೈಯವಳು. ಬೆನ್ನು ಬೂದು, ಬಾಲದ ಬುಡದಲ್ಲಿ ಹಳದಿ, ಬಾಲ ಮೈಗೆ ಮೀರಿದಷ್ಟು ಉದ್ದ. ಗದ್ದೆಗಳಿಗೆ ಬರುವ ಹಳದಿ ಸಿಪಿಲೆಯ ಬಾಲ ಇದಕ್ಕಿಂತ ಗಿಡ್ಡ, ಬೆನ್ನಿನಲ್ಲಿ ಹಸಿರು ಛಾಯೆ.

ಮೊದಲು ಕಂಡ ದಿನವನ್ನು ಬರೆದಿಡುವ ಉಮೇದು ಎಲ್ಲರಿಗೂ ಇರುತ್ತದೆ. ಆದರೆ ಆ ದಿನಾಂಕಕ್ಕೆ ಬೆಲೆ ಬರುವುದು ಅದರ ಹಿಂದಿನ ವಾರ ಅದೇ ಜಾಗದಲ್ಲಿ ನಿಂತು, ನೋಡಿ, ಹಕ್ಕಿ ಇರಲಿಲ್ಲ ಎಂದು ದಾಖಲಿಸಿದ್ದರೆ ಮಾತ್ರ. ದಸರಾ ರಜೆಯಲ್ಲಿ ಒಮ್ಮೆ ಹೋಗಿ ಕಂಡ ಸಿಪಿಲೆ ಅಂದೇ ಬಂದದ್ದೋ, ತಿಂಗಳ ಹಿಂದೆ ಬಂದದ್ದೋ, ಯಾರಿಗೆ ಗೊತ್ತು? ಇನ್ನೂ ಒಂದು ತೊಡಕಿದೆ. ನೋಡುವವರು ಹೆಚ್ಚಾದಂತೆ ಮೊದಲ ದಿನಾಂಕ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ; ಹಕ್ಕಿ ಬೇಗ ಬಂತು ಎಂದು ನಾವು ಮೋಸಹೋಗುತ್ತೇವೆ. ಇದಕ್ಕೆ ಮದ್ದು ಒಂದೇ. ಅದೇ ಜಾಗ, ಅದೇ ಅವಧಿ, ವಾರ ವಾರವೂ ಕಂಡ ಎಲ್ಲ ಹಕ್ಕಿಗಳ ಪೂರ್ಣ ಪಟ್ಟಿ. ಪಟ್ಟಿಯಲ್ಲಿ ಸಿಪಿಲೆ ಇಲ್ಲದಿದ್ದರೆ ಅದೂ ಒಂದು ಮಾಹಿತಿ.

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಆಸರೆಯಲ್ಲಿ 2007ರಲ್ಲಿ ‘ಮೈಗ್ರೆಂಟ್‌ವಾಚ್’ ಶುರುವಾದದ್ದು ವಲಸೆ ಹಕ್ಕಿಗಳ ಬರುವಿಕೆ, ಹೋಗುವಿಕೆಯ ಲೆಕ್ಕ ಹಿಡಿಯಲೆಂದೇ. ಆಮೇಲೆ ಆ ಕೆಲಸ ಹಕ್ಕಿ ಪಟ್ಟಿಗಳನ್ನು ಸೇರಿಸುವ ‘ಇ-ಬರ್ಡ್’ ಜಾಲತಾಣದೊಂದಿಗೆ ಬೆರೆಯಿತು. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಬಗೆಯ ಹಕ್ಕಿಗಳ ಸ್ಥಿತಿಯನ್ನು ತೂಗಿ ನೋಡಿದ್ದು 30,000ಕ್ಕೂ ಹೆಚ್ಚು ಹವ್ಯಾಸಿಗಳು ಕೊಟ್ಟ ಇಂಥ ದಾಖಲೆಗಳಿಂದ. ದೂರದಿಂದ ಬರುವ ವಲಸಿಗರು ಕುಸಿಯುತ್ತಿದ್ದಾರೆ ಎಂಬ ಅದರ ಮಾತು ನನ್ನನ್ನು ಕಾಡುತ್ತಿದೆ.

ಚನ್ನಗಿರಿಯ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ನೋಡುವ ಕ್ರಮವೇ ಬೇರೆ. ಎರಡು ಗುಡ್ಡಗಳ ನಡುವಿನ ಏರಿ ಚಿಕ್ಕದು, ಹಿಂದಿನ ನೀರು ಕಣ್ಣಿಗೆ ನಿಲುಕದಷ್ಟು. ಇಡೀ ಕೆರೆಯನ್ನು ಎಣಿಸುತ್ತೇನೆಂದು ಹೊರಟವರು ಒಂದೆರಡು ಸಲಕ್ಕೇ ಕೈಬಿಡುತ್ತಾರೆ. ಸಿದ್ಧನ ತೂಬೋ ಬಸವನ ತೂಬೋ ಒಂದನ್ನು ಆರಿಸಿಕೊಂಡು, ಅಲ್ಲಿಂದ ಸ್ಪಷ್ಟವಾಗಿ ಕಾಣುವಷ್ಟನ್ನೇ ಎಣಿಸುವುದು ಒಳ್ಳೆಯದು.

ನನಗೆ ಹೆಚ್ಚು ಆಸೆಯಿರುವುದು ಜಗಳೂರಿನ ಮೇಲೆ. ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದ ಕುರುಚಲು, ಸುತ್ತಲ ಬಯಲು ಹೊಲ ಸೆಳೆವಗಳಿಗೆ ಹೇಳಿ ಮಾಡಿಸಿದ ನೆಲ. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬರುವ ಈ ಬೇಟೆಹಕ್ಕಿಗಳು ರೆಕ್ಕೆ ಮೇಲೆತ್ತಿ ಪೈರಿನ ನೆತ್ತಿ ಸವರುವಂತೆ ಹಾರುತ್ತವೆ. ಮಿಡತೆ ಅವುಗಳ ಮುಖ್ಯ ಆಹಾರಗಳಲ್ಲೊಂದು, ರಾತ್ರಿ ಮಲಗುವುದು ಹುಲ್ಲಿನ ನಡುವೆ, ನೆಲದ ಮೇಲೆ. ಹುಲ್ಲುಬಯಲು ಉಳುಮೆಗೆ ಹೋದರೆ ಅವಕ್ಕೆ ಮಲಗಲೂ ಜಾಗವಿಲ್ಲ. ಇದೇ ತಾಲ್ಲೂಕಿಗೆ 57 ಕೆರೆ ತುಂಬಿಸುವ ಯೋಜನೆಯಡಿ ತುಂಗಭದ್ರೆಯ ನೀರು ಬಂದಿದೆ. ವರ್ಷಗಟ್ಟಲೆ ಬತ್ತಿದ್ದ ಅಂಗಳದಲ್ಲಿ ನೀರು ನಿಂತರೆ ಯಾವ ಹಕ್ಕಿ ಮೊದಲು ಬರುತ್ತದೆ, ಯಾವುದು ನೆಲೆ ಕಳೆದುಕೊಳ್ಳುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಅವಕಾಶ ಒಂದೇ ಸಲ ಸಿಗುವಂಥದ್ದು.

ಅಲ್ಲಿನ ಹಿರಿಯರನ್ನು ಮಾತಿಗೆಳೆಯಿರಿ. ಅಟ್ಟಣೆ ಹತ್ತಿ, ಕವಣೆ ಬೀಸಿ ಜೋಳ ಕಾಯ್ದವರಿಗೆ ಗುಲಾಬಿ ಕಬ್ಬಕ್ಕಿಯ ಹಿಂಡು ಚೆನ್ನಾಗಿ ಗೊತ್ತು. ಅವರು ಕಾಲ ಹೇಳುವುದು ಮಳೆಯ ಹೆಸರಿನಲ್ಲಿ: ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಈ ಲೆಕ್ಕ ನಮ್ಮ ಕೆಲಸಕ್ಕೆ ಬಹಳ ಅನುಕೂಲ. ಮಳೆ ನಕ್ಷತ್ರ ಸೂರ್ಯನನ್ನು ಅನುಸರಿಸುವುದರಿಂದ ಹಬ್ಬಗಳಂತೆ ಹಿಂದೆ ಮುಂದೆ ಆಗುವುದಿಲ್ಲ. 13-14 ದಿನದ ಒಂದೊಂದು ಮಳೆ ಪ್ರತಿವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತದೆ. ಅಜ್ಜನ ನೆನಪನ್ನೂ ಮೊಮ್ಮಗನ ಮೊಬೈಲ್ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಈ ನಾಲ್ಕು ತಾಲ್ಲೂಕುಗಳ ಮೇಷ್ಟ್ರುಗಳಲ್ಲಿ, ಕಾಲೇಜು ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟೆ. ಮನೆಗೆ ಹತ್ತಿರದ ಒಂದು ಕಾಲುವೆ, ಕೆರೆ ಅಥವಾ ಹೊಲದ ಬದುವನ್ನು ಇಂದೇ ಗೊತ್ತುಮಾಡಿಕೊಳ್ಳಿ. ವಾರಕ್ಕೊಮ್ಮೆ ಬೆಳಗಿನ ಹದಿನೈದು ನಿಮಿಷ ಅಲ್ಲಿ ನಿಲ್ಲಿ. ಗುರುತು ಸಿಕ್ಕದ ಹಕ್ಕಿಗೆ ಊಹೆಯ ಹೆಸರು ಕೊಡಬೇಡಿ. ಮೊದಲ ಪಟ್ಟಿಯನ್ನು ಈ ಭಾನುವಾರವೇ ಇ-ಬರ್ಡ್‌ಗೆ ಸೇರಿಸಿ, ಸಿಪಿಲೆ ಕಾಣದಿದ್ದರೂ ಸೇರಿಸಿ.